ಲಾಸ್ಟ್ ಓವರ್ ಲೆಕ್ಕ

ಮೊದಲೇ ಹೇಳಿಬಿಡ್ತೀನಿ, ಎಸ್‌ಎಸ್‌ಎಲ್‌ಸಿ ಕನ್ನಡ ಪೇಪರ್ ಆದ್ಮೇಲೆ ನಾನು ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ನಮ್ಮ ಸಂಘದ ಎಡಿಟರ್ ಅಕ್ಕ ತಿದ್ದಿರ್ತಾರೆ. ಅವರೂ ಬಿಟ್ಟಿದ್ರೆ ನೀವೇ ತಿದ್ದಿಕೊಂಡು ಓದಿ.

ನಮ್ಮ ಮನೆ ಶಿಕಾರಿಪುರದಲ್ಲಿ. ದೊಡ್ಡಮ್ಮನ ಮನೆ ಸೊರಬ ತಾಲ್ಲೂಕು, ಆನವಟ್ಟಿ ಕಡೆಯ ಒಂದು ಹಳ್ಳಿ. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದ್ರೆ ಆಯ್ತು. ಚಿಕ್ಕವನಿದ್ದಾಗಿಂದ ನನ್ನ ರಜೆ ಎಲ್ಲ ಅಲ್ಲೇ ಕಳೆದದ್ದು. ಅದಕ್ಕೆ ಕಾರಣ ದೊಡ್ಡಮ್ಮನ ಕೈ ಅಡುಗೆ ಅಂತ ಅಮ್ಮ ಹೇಳ್ತಾರೆ. ನಿಜವಾದ ಕಾರಣ ದೊಡ್ಡಮ್ಮನ ಮಗ, ನಮ್ಮ ಅಣ್ಣ.

ಅಣ್ಣನಿಗೆ ಈಗ 26. ಶಿರಾಳಕೊಪ್ಪದಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ ಮಾಡ್ತಾನೆ. ಭಾನುವಾರ ಮಾತ್ರ ಅವನು ಬೇರೆ ಮನುಷ್ಯ. ನಮ್ಮ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿಯಾಯ್ತು ಅಂದ್ರೆ ಟೆನಿಸ್ ಬಾಲ್ ಟೂರ್ನಮೆಂಟ್ ಶುರು. ಬದು ಸವರಿ, ರೋಲರ್ ಹೊಡೆದು, ಮ್ಯಾಟ್ ಹಾಸಿ, ಒಂದು ಶಾಮಿಯಾನ, ಒಂದು ಮೈಕು ಇಟ್ಟರೆ ಗ್ರೌಂಡ್ ರೆಡಿ. ಸಂಕ್ರಾಂತಿಯಿಂದ ಮೊದಲ ಮುಂಗಾರು ಮಳೆ ಬೀಳೋವರೆಗೆ ಒಂದು ವಾರ ಶಿಕಾರಿಪುರ ಕಡೆ, ಇನ್ನೊಂದು ವಾರ ಸೊರಬ ಕಡೆ. ಎಂಟು ಓವರಿನ ಮ್ಯಾಚು, ಒಬ್ಬ ಬೌಲರ್‌ಗೆ ಎರಡೇ ಓವರು. ಅಣ್ಣ ಆರನೇದು, ಎಂಟನೇದು ಹಾಕ್ತಾನೆ. ಎಂಟನೇದು ಅಂದ್ರೆ ಲಾಸ್ಟ್ ಓವರು. ಅದು ಅವನ ಆಸ್ತಿ. ಬ್ಯಾಟ್ಸ್‌ಮನ್ ಕಾಲಿನ ಬುಡಕ್ಕೆ ಬಾಲು ಹಾಕೋದ್ರಲ್ಲಿ ನಮ್ಮ ಎರಡು ತಾಲ್ಲೂಕಲ್ಲಿ ಅವನಂಥವನು ಇಲ್ಲ ಅಂತ ನಾನು ಎಂಟನೇ ಕ್ಲಾಸಿಂದ ವಾದ ಮಾಡ್ತಾ ಬಂದಿದ್ದೀನಿ.

ನನಗೆ ಆಟ ಬರಲ್ಲ. ಕನ್ನಡಕ ಬೇರೆ. ಹಾಗಾಗಿ ಸ್ಕೋರ್ ಬರೀತೀನಿ. ಈಗ ಶಿವಮೊಗ್ಗದಲ್ಲಿ ಓದ್ತಿದ್ರೂ ಶನಿವಾರ ಸಂಜೆ ಬಸ್ಸು ಹತ್ತಿ ಭಾನುವಾರ ಶಾಮಿಯಾನದ ಕೆಳಗೆ ಕೂತಿರ್ತೀನಿ.

ಹೋದ ಸೀಸನ್ ಅಣ್ಣನಿಗೆ ಅದ್ಭುತವಾಗಿತ್ತು. 18 ಓವರ್, 117 ರನ್. ಓವರಿಗೆ 6.5. ಟೆನಿಸ್ ಬಾಲ್ ಗೊತ್ತಿಲ್ಲದವರಿಗೆ ಇದು ದೊಡ್ಡದು ಅನ್ನಿಸಲಿಕ್ಕಿಲ್ಲ. ನಮ್ಮ ಸ್ಕೋರ್ ಬುಕ್ಕುಗಳಲ್ಲಿ ಕೊನೆ ಓವರುಗಳ ಸರಾಸರಿ 10 ಇದೆ. ಎಲ್ಲರೂ 10 ಕೊಡೋ ಕಡೆ ಇವನು ಆರೂವರೆ ಕೊಟ್ಟ. ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಕಡೆಯ ಒಂದು ಟೀಮಿನ ಮಾಲೀಕರು ಅವನಿಗೆ ಫೋನ್ ಮಾಡಿ, ಸ್ಕೋರ್ ಬುಕ್ಕಿನ ಫೋಟೋ ತರಿಸಿಕೊಂಡು ನೋಡಿದ್ರು. ಮ್ಯಾಚಿಗೆ 3,000 ಕೊಡ್ತೀವಿ, ಆದ್ರೆ ದಾವಣಗೆರೆ, ಹುಬ್ಬಳ್ಳಿ ಎಲ್ಲ ಕಡೆ ಬರಬೇಕು, ವಾರದ ದಿನಗಳಲ್ಲೂ ಮ್ಯಾಚ್ ಇರುತ್ತೆ ಅಂದ್ರು. ಅಂದ್ರೆ ಅಂಗಡಿ ಕೆಲಸ ಬಿಡಬೇಕು.

ಅಣ್ಣ ನನಗೆ ಫೋನ್ ಮಾಡಿದ. "ತಮ್ಮಾ, ನೀನು ಅದೆಂತದೋ ಡಾಟಾ ಓದ್ತೀಯಲ್ಲ. ಮುಂದಿನ ಸೀಸನ್ನೂ ನಂಗೆ ಹಿಂಗೇ ಹೋಗುತ್ತಾ ಹೇಳು ನೋಡಣ."

ನನಗೆ ಅಷ್ಟೊತ್ತಿಗೆ ಮಿನಿ ಪ್ರಾಜೆಕ್ಟಿಗೆ ಒಂದು ಟಾಪಿಕ್ ಬೇಕಿತ್ತು. ಇದಕ್ಕಿಂತ ಒಳ್ಳೇದು ಸಿಗುತ್ತಾ?

ಹುಡುಕಿದಾಗ ಗೊತ್ತಾಯ್ತು, ಈ ಪ್ರಶ್ನೆ ಅಮೆರಿಕದವರನ್ನ ಬಹಳ ವರ್ಷದಿಂದ ಕಾಡಿದೆ. ಬೇಸ್‌ಬಾಲ್‌ನಲ್ಲಿ ಬಾಲ್ ಎಸೆಯೋನನ್ನ ಪಿಚರ್ ಅಂತಾರೆ. ಆಟ ಶುರು ಮಾಡುವ ಪಿಚರ್ ಸುಸ್ತಾದ ಮೇಲೆ ಒಳಗೆ ಬರುವವನು ರಿಲೀಫ್ ಪಿಚರ್. ಗೆಲ್ಲೋ ಹಂತದಲ್ಲಿರೋ ಮ್ಯಾಚಿನ ಕೊನೆ ಇನ್ನಿಂಗ್ಸ್ ಮುಗಿಸಿಕೊಡೋನು ಕ್ಲೋಸರ್. ನಮ್ಮ ಲಾಸ್ಟ್ ಓವರ್ ಬೌಲರ್ ಇದ್ದಹಾಗೆ. ಅಲ್ಲಿನ ಲೆಕ್ಕದವರು ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ. ಎಲ್ಲ ಆಟಗಾರರಲ್ಲಿ ಮುಂದಿನ ವರ್ಷ ಹೇಗೆ ಆಡ್ತಾನೆ ಅಂತ ಹೇಳೋಕೆ ಕಷ್ಟವಾದವರಲ್ಲಿ ರಿಲೀಫ್ ಪಿಚರ್ ಮುಂದಿದ್ದಾನೆ. ಕಾರಣ ಸರಳ. ಅವನು ಒಂದು ಸೀಸನ್ನಿನಲ್ಲಿ ಎಸೆಯೋದು 60, 70 ಇನ್ನಿಂಗ್ಸ್ ಅಷ್ಟೆ. ಅಷ್ಟು ಕಡಿಮೆ ಆಟದಲ್ಲಿ ಸಾಮರ್ಥ್ಯ ಎಷ್ಟು, ಅದೃಷ್ಟ ಎಷ್ಟು ಅಂತ ಬಿಡಿಸೋದು ಕಷ್ಟ. ಬಾಲ್ಟಿಮೋರ್ ತಂಡದ ಜ್ಯಾಕ್ ಬ್ರಿಟನ್ 2016ರಲ್ಲಿ 67 ಇನ್ನಿಂಗ್ಸ್ ಎಸೆದ. ಒಂಬತ್ತು ಇನ್ನಿಂಗ್ಸಿಗೆ ಅವನು ಕೊಟ್ಟ ರನ್ 0.54. ಸಿಕ್ಕ 47 ಅವಕಾಶದಲ್ಲಿ 47 ಮ್ಯಾಚೂ ಉಳಿಸಿಕೊಟ್ಟ. ಮರುವರ್ಷ ಕೈಗೆ ಗಾಯವಾಗಿ ಹಲವು ಮ್ಯಾಚ್ ತಪ್ಪಿತು, ಆ ಸಂಖ್ಯೆ 2.89ಕ್ಕೆ ಹೋಯ್ತು. ಅದೂ ಒಳ್ಳೆಯ ಸಂಖ್ಯೆಯೇ. ಆದ್ರೆ 0.54 ನೋಡಿ ದುಡ್ಡು ಕಟ್ಟಿದವನಿಗೆ ಹೇಗನ್ನಿಸಿರಬೇಡ.

ಅಷ್ಟು ದೂರ ಯಾಕೆ, ನಮ್ಮ ಪ್ರಸಿದ್ಧ್ ಕೃಷ್ಣ ಅವರನ್ನೇ ನೋಡಿ. ಐಪಿಎಲ್ ಶುರು ಮಾಡಿದ 2018ರಲ್ಲಿ 7 ಮ್ಯಾಚಿಗೆ 10 ವಿಕೆಟ್. 2019ರಲ್ಲಿ 11 ಮ್ಯಾಚಿಗೆ 4. 2022ರಲ್ಲಿ 17 ಮ್ಯಾಚಿಗೆ 19. ಆಮೇಲೆ ಗಾಯದಿಂದ 2023, 2024 ಎರಡೂ ಸೀಸನ್ ಇಲ್ಲ. 2025ರಲ್ಲಿ ವಾಪಸ್ ಬಂದು 25 ವಿಕೆಟ್, ಪರ್ಪಲ್ ಕ್ಯಾಪ್. ಯಾವ ವರ್ಷ ನೋಡಿ ಮುಂದಿನ ವರ್ಷ ಹೇಳ್ತೀರಿ?

ಒಂದೇ ಓವರ್ ನೋಡಿ ಹೇಳ್ತೀನಿ ಅನ್ನೋರಿಗೆ ಇನ್ನೊಂದು ಕಥೆ ಇದೆ. 2019ರ ನವೆಂಬರ್ 29, ಸೂರತ್, ಸೈಯದ್ ಮುಷ್ತಾಕ್ ಅಲಿ ಸೆಮಿಫೈನಲ್. ಹರಿಯಾಣದ ಮೇಲೆ ಕರ್ನಾಟಕದ ಅಭಿಮನ್ಯು ಮಿಥುನ್ ಕೊನೆ ಓವರಿನಲ್ಲಿ ಐದು ವಿಕೆಟ್ ತೆಗೆದ್ರು. ಮೊದಲ ನಾಲ್ಕು ಬಾಲಿಗೆ ನಾಲ್ಕು, ಆಮೇಲೆ ಒಂದು ವೈಡು, ಒಂದು ಸಿಂಗಲ್ಲು, ಕೊನೆ ಬಾಲಿಗೆ ಇನ್ನೊಂದು. ಆ ಓವರಿಗೆ ಬರೀ 2 ರನ್. ಆದ್ರೆ ಅದೇ ದಿನ ಅವರ ಮೊದಲ ಮೂರು ಓವರಿಗೆ ಹೋದದ್ದು 37. ಅದೇ ಕೈ, ಅದೇ ಮ್ಯಾಚು.

ಸರಿ, ಹಾಗಾದ್ರೆ ಲೆಕ್ಕ ಹಾಕೋದು ಹೇಗೆ? ಬೇಸ್‌ಬಾಲ್‌ನಲ್ಲಿ ಟಾಮ್ ಟ್ಯಾಂಗೋ ಅನ್ನೋರು ಮಾಡಿದ ಒಂದು ವಿಧಾನ ಇದೆ, ಹೆಸರು ಮಾರ್ಸೆಲ್. ಅದು ಒಂದು ಕೋತಿಯ ಹೆಸರು. ಕೋತಿಗೂ ಬರುವಷ್ಟು ಸರಳ ಅಂತ ಅವರೇ ಇಟ್ಟದ್ದು. ನನಗೆ ಕೂಡಲೇ ಇಷ್ಟ ಆಯ್ತು. ಅದು ಹೀಗೆ: ಪಿಚರ್‌ನ ಹಿಂದಿನ ಮೂರು ವರ್ಷ ತಗೋ. ಹೋದ ವರ್ಷಕ್ಕೆ 3 ಪಾಲು, ಅದರ ಹಿಂದಿನದಕ್ಕೆ 2, ಅದಕ್ಕೂ ಹಿಂದಿನದಕ್ಕೆ 1. ಆಮೇಲೆ ಅದಕ್ಕೆ ಸರಾಸರಿ ಆಟಗಾರನ ಒಂದಿಷ್ಟು ಆಟವನ್ನ ಬೆರೆಸು, ಸಾಂಬಾರಿಗೆ ಉಪ್ಪು ಜಾಸ್ತಿಯಾದ್ರೆ ನೀರು ಬೆರೆಸಿದ ಹಾಗೆ. ವಯಸ್ಸಿಗೂ ಸ್ವಲ್ಪ ತಿದ್ದುಪಡಿ ಇದೆ, ಅದನ್ನ ನಾನು ಬಿಟ್ಟೆ.

ಈ ನೀರು ಬೆರೆಸೋದೇ ಮುಖ್ಯ. ತುಂಬಾ ಎತ್ತರದ ಅಪ್ಪ ಅಮ್ಮನ ಮಕ್ಕಳು ಎತ್ತರವೇ ಇರ್ತಾರೆ, ಆದ್ರೆ ಸರಾಸರಿ ನೋಡಿದ್ರೆ ಅಪ್ಪ ಅಮ್ಮನಷ್ಟಲ್ಲ ಅಂತ ಗಾಲ್ಟನ್ 1886ರಲ್ಲೇ ತೋರಿಸಿದ್ದ. ಬಹಳ ಚೆನ್ನಾಗಿ ಹೋದ ಸೀಸನ್ನಿನಲ್ಲಿ ಕೈಚಳಕವೂ ಇರುತ್ತೆ, ಅದೃಷ್ಟವೂ ಇರುತ್ತೆ. ಮುಂದಿನ ವರ್ಷಕ್ಕೆ ಕೈಚಳಕ ಜೊತೆಗೆ ಬರುತ್ತೆ. ಅದೃಷ್ಟ ಬಂದೇ ಬರುತ್ತೆ ಅನ್ನೋ ಹಾಗಿಲ್ಲ.

ಅಣ್ಣನ ಮೂರು ವರ್ಷ:

ಮೊದಲ ವರ್ಷ 12 ಓವರ್, 126 ರನ್. ಓವರಿಗೆ 10.5.
ಎರಡನೇ ವರ್ಷ 16 ಓವರ್, 144 ರನ್. ಓವರಿಗೆ 9.
ಹೋದ ವರ್ಷ 18 ಓವರ್, 117 ರನ್. ಓವರಿಗೆ 6.5.

ಪಾಲು ಹಾಕಿದ್ರೆ 98 ಓವರ್, 765 ರನ್. ಅದಕ್ಕೆ ಸರಾಸರಿ ಬೌಲರ್‌ನ 60 ಓವರ್, 600 ರನ್ ಬೆರೆಸಿದೆ. 1365 ಭಾಗಿಸು 158. ಉತ್ತರ 8.6. ಬೆರೆಸೋದು 60ರ ಬದಲು 40 ಇಟ್ಟರೆ 8.4 ಬರುತ್ತೆ, 100 ಇಟ್ಟರೆ 8.9. ಹೇಗೆ ತಿರುಗಿಸಿದ್ರೂ 6.5 ಬರಲಿಲ್ಲ.

ಇನ್ನೊಂದು ಪ್ರಯೋಗ ಮಾಡಿದೆ. ನಮ್ಮ ಬುಕ್ಕುಗಳಲ್ಲಿ ಒಂದು ಓವರಿಂದ ಇನ್ನೊಂದು ಓವರಿಗೆ ರನ್ ಏರುಪೇರು ಸುಮಾರು 5. 18 ಓವರಿನ ಸರಾಸರಿಗೆ ಅದು 5 ಭಾಗಿಸು 18ರ ವರ್ಗಮೂಲ, ಅಂದ್ರೆ ಹೆಚ್ಚುಕಮ್ಮಿ 1.2. ಕಂಪ್ಯೂಟರಿನಲ್ಲಿ 20 ಬೌಲರ್‌ಗಳನ್ನ ಸೃಷ್ಟಿ ಮಾಡಿ, ಎಲ್ಲರೂ ಒಂದೇ ಥರ, ಎಲ್ಲರಿಗೂ 10 ಅಂತ ಇಟ್ಟೆ. ಒಂದೊಂದು ಸೀಸನ್ ಆಡಿಸಿದಾಗ ಸರಾಸರಿ ಇಪ್ಪತ್ತರಲ್ಲಿ ಒಬ್ಬ 8ರ ಕೆಳಗೆ ಬಂದು ಹೀರೋ ಆಗ್ತಿದ್ದ. ಅವನು ಏನೂ ಮಾಡಿರಲಿಲ್ಲ. ಯಾರೋ ಒಬ್ಬ ಆಗಲೇಬೇಕಿತ್ತು, ಅವನಾದ ಅಷ್ಟೆ.

ಅಣ್ಣನಿಗೆ ಫೋನ್ ಮಾಡಿ 8.6 ಅಂದೆ.

"ಆರೂವರೆ ಹಾಕಿದವನಿಗೆ ಎಂಟೂವರೆ ಅಂತೀಯಲ್ಲೋ. ಎಂತ ಕಂಪ್ಯೂಟರೋ ನಿಂದು" ಅಂದ. ನಕ್ಕ. ಆದ್ರೆ ಆಮೇಲೆ ಬೇಗ ಫೋನ್ ಇಟ್ಟ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಒಂದು ಒಳ್ಳೆ ಪ್ರಾಜೆಕ್ಟ್ ರಿಪೋರ್ಟ್ ಆಗ್ತಿತ್ತು. ನಾನು ನಿಲ್ಲಿಸಲಿಲ್ಲ. ರಿಪೋರ್ಟಿಗೆ ಇನ್ನೊಂದು ಟೇಬಲ್ ಇರಲಿ ಅಂತ ಯಾವ ಬೌಲರ್‌ನ ಓವರಲ್ಲಿ ಎಷ್ಟು ವೈಡ್, ಎಷ್ಟು ಬೈ ಹೋಗಿದೆ ಅಂತ ಸಾರ್ಟ್ ಮಾಡಿದೆ. ಬೈ ಪಟ್ಟಿಯಲ್ಲಿ ಮೇಲಿನ ಹೆಸರು ಅಣ್ಣನದು. ಎರಡನೆಯವನಿಗಿಂತ ತುಂಬಾ ಮೇಲೆ. ಕೀಪರ್ ಅದೇ ಕೀಪರ್, ಉಳಿದವರ ಓವರಿನಲ್ಲಿ ಅವನ ಕೈಯಿಂದ ಬಾಲು ಜಾರಿಲ್ಲ. ಅದಕ್ಕೂ ಹಿಂದಿನ ವರ್ಷ ಬೇರೆಯವರು ಬರೆದ ಬುಕ್ಕಿನಲ್ಲಿ ಅಣ್ಣನಿಗೆ ಇಷ್ಟು ಬೈ ಇಲ್ಲ.

ಹಾಸ್ಟೆಲ್ ರೂಮಲ್ಲಿ ಒಬ್ಬನೇ ಕೂತಿದ್ದೆ. ಸ್ಕ್ರೀನ್ ನೋಡಿ ಮುಖ ಬಿಸಿಯಾಯ್ತು. ಯಾಕಂದ್ರೆ ಹೋದ ವರ್ಷದ ಬುಕ್ಕು ಬರೆದವನು ನಾನು.

ಮೊದಲನೇ ಸಲ ಆದದ್ದು ಚೆನ್ನಾಗಿ ನೆನಪಿದೆ. ಲಾಸ್ಟ್ ಓವರು, ಒಳ್ಳೆಯ ಯಾರ್ಕರು, ಬ್ಯಾಟಿನ ಒಳ ಅಂಚಿಗೆ ತಾಗಿ ಕೀಪರ್ ಕಾಲ ಸಂದಿಯಲ್ಲಿ ಬೌಂಡರಿಗೆ ಹೋಯ್ತು. ಅಂಪೈರ್ ಫೋರ್ ಅಂತ ಕೈ ಆಡಿಸಿದ್ರು, ಬೈ ಅಂತ ಕೈ ಎತ್ತಲಿಲ್ಲ. ಅಷ್ಟು ಒಳ್ಳೆ ಬಾಲಿಗೆ ನಾಲ್ಕು ರನ್ ಅಣ್ಣನ ಲೆಕ್ಕಕ್ಕಾ ಅಂತ ನನಗೆ ಹೊಟ್ಟೆ ಉರೀತು. ಬೈ ಅಂತ ಬರೆದೆ. ಟೀಮಿನ ಟೋಟಲ್ ಅಷ್ಟೇ ಇರುತ್ತೆ, ಸೋಲು ಗೆಲುವು ಬದಲಾಗಲ್ಲ, ಯಾರಿಗೇನು ನಷ್ಟ ಅಂದುಕೊಂಡೆ. ಆ ಬ್ಯಾಟ್ಸ್‌ಮನ್‌ಗೆ ನಾಲ್ಕು ರನ್ ಹೋಯ್ತಲ್ಲ, ಅವನ ಯೋಚನೆ ಬರಲಿಲ್ಲ. ಎರಡನೇ ಸಲ ಅಷ್ಟು ಹೊತ್ತು ಯೋಚನೆ ಮಾಡಲಿಲ್ಲ. ಒಟ್ಟು ಆರು ಸಲ. ನಾಲ್ಕು ಬೌಂಡರಿ, ಎರಡು ಸಿಂಗಲ್. 18 ರನ್.

18 ಓವರಿಗೆ 18 ರನ್. ಓವರಿಗೆ ಸರಿಯಾಗಿ ಒಂದು. 117 ಅಲ್ಲ, 135. 6.5 ಅಲ್ಲ, 7.5. ಸೀಸನ್ ಪೂರ್ತಿ ಆರೇ ಆರು ಸಲ ಪೆನ್ನು ಜಾರಿಸಿದ್ದಕ್ಕೆ ಇಷ್ಟು. ಆಟ ಕಡಿಮೆ ಇದ್ದಷ್ಟೂ ಸಣ್ಣ ಸುಳ್ಳಿಗೆ ಬಲ ಜಾಸ್ತಿ ಅನ್ನೋದು ಯಾವ ಟೆಕ್ಸ್ಟ್ ಬುಕ್ಕಲ್ಲೂ ನನಗೆ ಇಷ್ಟು ಚೆನ್ನಾಗಿ ಅರ್ಥ ಆಗಿರಲಿಲ್ಲ. ಮತ್ತು ಆ ಮಾಲೀಕರು ಫೋಟೋದಲ್ಲಿ ನೋಡಿದ್ದು ನನ್ನ ಕೈಬರಹವನ್ನೇ.

ದೀಪಾವಳಿಗೆ ದೊಡ್ಡಮ್ಮನ ಮನೆಗೆ ಹೋದೆ. ನಮ್ಮ ಕಡೆ ದೀಪಾವಳಿ ಅಂದ್ರೆ ಹೋರಿ ಹಬ್ಬ ನೆನಪಾಗಬೇಕು. ಹೋರಿಗೆ ಕೊಬ್ಬರಿ ಸರ, ಬಲೂನು ಕಟ್ಟಿ ಓಡಿಸ್ತಾರೆ, ಜನ ಹಿಡಿದು ಕೊಬ್ಬರಿ ಕೀಳಬೇಕು. ಪಕ್ಕದ ಮನೆಯವರ ಹೋರಿಗೆ ಅಣ್ಣ ಕೊಬ್ಬರಿ ಸರ ಪೋಣಿಸ್ತಾ ಕೂತಿದ್ದ. ದೊಡ್ಡಪ್ಪ ಕಟ್ಟೆ ಮೇಲೆ ಯಾರ ಜೊತೆಗೋ, ಯಾವ ಊರ ಹೋರಿ ಈ ಸಲ ಕೈಗೆ ಸಿಗಲ್ಲ ಅಂತ ವಾದ ಮಾಡ್ತಿದ್ರು. "ಹೋದ ವರ್ಷ ಓಡ್ತು ಅಂತ ಈ ವರ್ಷ ಓಡ್‌ಬೇಕು ಅಂತೇನೈತಿ? ಮೇವು ಹೆಂಗೈತಿ, ಕಾಲು ಹೆಂಗೈತಿ ನೋಡ್ಬೇಕಪ್ಪ" ಅಂತಿದ್ರು. ನಾನು ಕೋತಿ ವಿಧಾನ ಹಿಡಿದುಕೊಂಡು ಒಂದು ತಿಂಗಳು ಒದ್ದಾಡಿದ್ದೆ.

ಅಣ್ಣನ ಪಕ್ಕ ಕೂತು ಹೇಳಿದೆ. ಪೂರ್ತಿ ಹೇಳಿದೆ.

ಅವನು ಸರ ಪೋಣಿಸೋದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಯಾವ್ಯಾವ ಮ್ಯಾಚು?" ಅಂದ. ಒಂದೊಂದೇ ಹೇಳಿದೆ. ಮೂರನೇದು ಹೇಳಿದಾಗ ತಲೆ ಎತ್ತಿ, "ಅದು ಬೈಯೇ ಕಣೋ. ಬ್ಯಾಟಿಗೆ ತಾಗಿರ್ಲಿಲ್ಲ. ಸೌಂಡ್ ಬಂದಿದ್ದು ಬ್ಯಾಟು ಮ್ಯಾಟಿಗೆ ಬಡ್ದಿದ್ದು" ಅಂದ. ಅವನು ಹೇಳಿದ್ದು ನಿಜ ಇರಬಹುದು. ಶಾಮಿಯಾನದಿಂದ ಪಿಚ್ಚು ದೂರ, ನನ್ನ ಕನ್ನಡಕದ ಕಥೆ ನಿಮಗೆ ಗೊತ್ತೇ ಇದೆ. ಹಾಗಿದ್ರೆ ಆರಲ್ಲಿ ಒಂದು ಸಲ ನಾನು ಸುಳ್ಳು ಬರೀತಿದ್ದೀನಿ ಅಂದುಕೊಂಡು ನಿಜ ಬರೆದಿದ್ದೆ.

"ಹಂಗಾರೆ ಈಗ ಎಷ್ಟು ನಿನ್ನ ಲೆಕ್ಕದಾಗೆ?"

ಮೊಬೈಲಲ್ಲೇ ಹಾಕಿದೆ. ನನ್ನ ಆರೂ ಸುಳ್ಳು ಅಂತ ತಗೊಂಡ್ರೆ 1419 ಭಾಗಿಸು 158, ಅಂದ್ರೆ 9.0. ಅಣ್ಣ ಹೇಳಿದ ಬೈ ಬಿಟ್ಟರೆ 8.9. ಮೊದಲು ಹೇಳಿದ್ದು 8.6. ಓವರಿಗೆ ಒಂದು ರನ್ನಿನ ಸುಳ್ಳು ಅಂದಾಜಿಗೆ ಬರೋ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಆಗಿತ್ತು. ಹಿಂದಿನ ವರ್ಷಗಳು, ಬೆರೆಸಿದ ನೀರು ಎಲ್ಲ ಸೇರಿ ಅದನ್ನ ತೆಳ್ಳಗೆ ಮಾಡಿದ್ವು. ಒಂದೇ ವರ್ಷವನ್ನ ಪೂರ್ತಿ ನಂಬದ ಲೆಕ್ಕ, ಆ ವರ್ಷದ ಸುಳ್ಳನ್ನೂ ಪೂರ್ತಿ ನಂಬಲ್ಲ. ಇದನ್ನ ಅಣ್ಣನಿಗೆ ಖುಷಿಯಿಂದ ವಿವರಿಸೋಕೆ ಹೋದೆ. 9 ಅಂದ್ರೂ ಎಲ್ಲರಿಗಿಂತ ಓವರಿಗೆ ಒಂದು ರನ್ ಕಡಿಮೆ ಕೊಡ್ತೀಯ ಅಂತ ಅರ್ಥ ಅಂತಲೂ ಹೇಳಿದೆ.

ಅವನು ಕೇಳಿಸಿಕೊಂಡ. ಆಮೇಲೆ, "ಅಲ್ಲೋ, ಆರೂವರೆ ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೀನಲ್ಲೋ" ಅಂದ. ಅಷ್ಟೇ ಅಂದದ್ದು. ಬೈದಿದ್ರೆ ಚೆನ್ನಾಗಿತ್ತು. ಸಂಜೆ ಹೋರಿ ನೋಡೋಕೆ ನನ್ನನ್ನ ಕರೆಯದೇ ಹೋದ.

ಮರುದಿನ ಬೆಳಿಗ್ಗೆ ಮಾಲೀಕರ ನಂಬರ್ ಕೊಟ್ಟು, "ನೀನೇ ಹೇಳು" ಅಂದ. ಹೇಳಿದೆ. ನಡುಗುತ್ತಾ ಹೇಳಿದೆ. ಅವರು, "ಹೌದಾ? ಸರಿ, ನೋಡಣ" ಅಂತ ಫೋನ್ ಇಟ್ಟರು. ಒಂದು ವಾರ ಸುದ್ದಿ ಇಲ್ಲ. ಆಮೇಲೆ ಅಣ್ಣನಿಗೆ ಫೋನ್ ಬಂತು: ಮ್ಯಾಚಿಗೆ 2,000. ಅಣ್ಣ ಅಂಗಡಿ ಕೆಲಸ ಬಿಡಲಿಲ್ಲ. ಭಾನುವಾರದ ಮ್ಯಾಚಿಗೆ ಮಾತ್ರ ಬರ್ತೀನಿ ಅಂದಿದ್ದಾನೆ, ಅವರೂ ಒಪ್ಪಿದ್ದಾರೆ. ಮ್ಯಾಚಿಗೆ 1,000 ಕಡಿಮೆ ಆದದ್ದು ನನ್ನಿಂದ. ಕೆಲಸ ಬಿಡದೇ ಉಳಿದದ್ದೂ ನನ್ನಿಂದ ಅಂತ ಅಮ್ಮ ಸಮಾಧಾನ ಹೇಳ್ತಾರೆ. ಅದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ. ಸುಳ್ಳು ಬರೆದಾಗ ನಾನು ಅವನ ಕೆಲಸ ಉಳಿಸೋ ಯೋಚನೆಯಲ್ಲಿ ಇರಲಿಲ್ಲ.

ಪ್ರಾಜೆಕ್ಟ್ ಸಬ್‌ಮಿಟ್ ಮಾಡಿದೆ. ಡೇಟಾದಲ್ಲಿ ದೋಷ ಇದ್ದರೆ ಅದು ಎಲ್ಲಿಂದ ಬಂತು ಅಂತ ಬರೆಯೋ ಜಾಗದಲ್ಲಿ 'ಸ್ಕೋರರ್' ಅಂತ ಬರೆದೆ. ಮೇಡಂ ವೈವಾದಲ್ಲಿ ಸ್ಕೋರರ್ ಯಾರು ಅಂತ ಕೇಳಿದ್ರು. ನಾನೇ ಮೇಡಂ ಅಂದೆ. ಕ್ಲಾಸೆಲ್ಲ ನಕ್ಕಿತು. ಅವರು ನಗಲಿಲ್ಲ, ಮುಂದಿನ ಪ್ರಶ್ನೆ ಕೇಳಿದ್ರು.

ಈಗ ನನ್ನ ಅಂದಾಜು ಇಲ್ಲಿ ಬರೆದಿಡ್ತೀನಿ, ಆಮೇಲೆ ಬದಲಾಯಿಸೋಕೆ ಆಗಬಾರದು. ಮುಂದಿನ ಸೀಸನ್ನಿನಲ್ಲಿ ಅಣ್ಣ ಓವರಿಗೆ 9.0. ಅವನು 18 ಓವರ್ ಹಾಕಿದ್ರೆ ಮೂರರಲ್ಲಿ ಎರಡು ಪಾಲು ಸಾಧ್ಯತೆ 7.8ರಿಂದ 10.2ರ ಒಳಗೆ ಬರೋದು. ಇಷ್ಟು ಅಗಲ ಇಟ್ಟರೆ ಯಾರು ಬೇಕಾದ್ರೂ ಹೇಳಬಹುದು ಅಂತ ನಗಬೇಡಿ, 18 ಓವರಿಂದ ಇದಕ್ಕಿಂತ ಕಿರಿದು ಹೇಳಿದ್ರೆ ಅದು ಇನ್ನೊಂದು ಸುಳ್ಳು. ಅವನ ಭುಜ ಹೇಗಿದೆ, ಸ್ಲೋ ಬಾಲ್ ಹೊಸದು ಕಲಿತಿದ್ದಾನಾ, ಹುಬ್ಬಳ್ಳಿ ಕಡೆಯ ಬ್ಯಾಟ್ಸ್‌ಮನ್‌ಗಳು ಹೇಗೆ, ಇದ್ಯಾವುದೂ ನನ್ನ ಲೆಕ್ಕದಲ್ಲಿ ಇಲ್ಲ. ದೊಡ್ಡಪ್ಪ ಹೇಳಿದ ಮೇವು, ಕಾಲು ಅಂದ್ರೆ ಅದೇ ಇರಬೇಕು. ನನ್ನ ಅಂದಾಜು ಸುಳ್ಳಾಗಲಿ, ಅಣ್ಣ ಆರೂವರೆಯೇ ಹಾಕಲಿ ಅಂತ ಹುಚ್ಚರಾಯಸ್ವಾಮಿ ದೇವಸ್ಥಾನದಲ್ಲಿ ಕೈ ಮುಗಿದು ಬಂದಿದ್ದೀನಿ.

ಹೋದ ವಾರ ಅಣ್ಣ ತಾನಾಗೇ ಫೋನ್ ಮಾಡಿದ. ಸಂಕ್ರಾಂತಿ ಆದ ಭಾನುವಾರ ಆನವಟ್ಟಿ ಕಡೆ ಮೊದಲ ಮ್ಯಾಚು. ಬರ್ತೀನಿ, ಪೆನ್ನು ತರ್ತೀನಿ ಅಂದೆ.

"ಸ್ಕೋರ್ ಬರಿಯೋಕೆ ಈ ಸಲ ಬೇರೆ ಹುಡುಗನ್ನ ನೋಡೀವಿ" ಅಂದ. ಸ್ವಲ್ಪ ತಡೆದು, "ನೀನು ಬಾ. ಬೌಂಡ್ರಿ ಹತ್ರ ಕೂತ್ಕೊಂಡು ನೋಡು. ಊಟಕ್ಕೆ ಅವ್ವ ರೊಟ್ಟಿ ಕಟ್ತಾಳೆ" ಅಂದ.

ಶನಿವಾರ ಸಂಜೆ ಬಸ್ಸಿಗೆ ಹೋಗ್ತಿದ್ದೀನಿ.